ಮಿಯೂ ಮಿನಿ ಪ್ಲಸ್‌ಗೆ ಹೊಸ ಕಾರ್ಡ್ ಹಾಕಿ ಆನಿಯನ್ ಓಎಸ್ ಇನ್‌ಸ್ಟಾಲ್ ಮಾಡೋದು ಹೇಗೆ: ಎಲ್ರೂ ಎಡವೋ ಜಾಗಗಳ ಸಮೇತ

ವಾರಕ್ಕೆ ಒಬ್ರಾದ್ರೂ ನಂಗೆ ಒಂದೇ ಥರದ ಫೋಟೋ ಕಳಿಸ್ತಾರೆ. ಕೈಯಲ್ಲಿ ಮಿಯೂ ಮಿನಿ ಪ್ಲಸ್ (ಹಳೇ ವಿಡಿಯೋ ಗೇಮ್ ಆಡೋ ಪುಟ್ಟ ಕೈ ಕನ್ಸೋಲ್), ಸ್ಕ್ರೀನ್ ಮೇಲೆ ಕಂಪನಿ ಕೊಟ್ಟಿರೋ ಅದೇ ಹಳೇ ಮೆನು, ಕೆಳಗೆ ಒಂದು ಲೈನು: "ಗುರು, ಎಲ್ಲಾ ಸರಿಯಾಗೇ ಮಾಡ್ದೆ, ಆನಿಯನ್ ಬರ್ತಾನೇ ಇಲ್ಲ." ಆನಿಯನ್ ಅಂದ್ರೆ ಕಂಪನಿ ಮೆನು ಬದಲು ಹಾಕ್ಕೊಳೋ ಫ್ರೀ ಓಎಸ್. ವಿಚಾರ್ಸಿದ್ರೆ ಮುಕ್ಕಾಲು ಪಾಲು ಸರಿಯಾಗೇ ಮಾಡಿರ್ತಾರೆ, ಎಲ್ಲೋ ಮಧ್ಯದಲ್ಲಿ ಒಂದು ಹೆಜ್ಜೆ ಹಾರಿಸಿರ್ತಾರೆ, ಇಲ್ಲಾ ಹಿಂದೆ ಮುಂದೆ ಮಾಡಿರ್ತಾರೆ.

ಆರ್ಡರ್ ಇಷ್ಟೇ: ಮೊದ್ಲು ಕಾರ್ಡ್ ಒರಿಜಿನಲ್ಲಾ ಅಂತ ಚೆಕ್ ಮಾಡೋದು, ಆಮೇಲೆ ಬರೀ ಓಎಸ್ ಹಾಕಿ ಓಡ್ಸೋದು, ಅದು ನೆಟ್ಟಗೆ ಓಡಿದ್ ಮೇಲೆ ಮಾತ್ರ ಗೇಮ್ ಹಾಕೋದು. ಮೂರನ್ನೂ ಒಂದೇ ರಾತ್ರಿ ಒಟ್ಟಿಗೆ ಗುಡ್ಡೆ ಹಾಕಿ ಕಾಪಿ ಹೊಡೆದ್ರೆ, ಕೆಟ್ಟಾಗ ಯಾವ್ದು ಕೆಡ್ತು ಅಂತ ಹುಡುಕೋಕೇ ಆಗಲ್ಲ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಒಂದು ಬ್ರ್ಯಾಂಡೆಡ್ ಮೈಕ್ರೋ ಎಸ್‌ಡಿ ಕಾರ್ಡ್. 64 ಜಿಬಿ ಸಾಕು, ಪ್ಲೇಸ್ಟೇಷನ್ ಗೇಮ್ ಜಾಸ್ತಿ ಇಟ್ಕೋತೀನಿ ಅಂದ್ರೆ 128. ಅದಕ್ಕಿಂತ ದೊಡ್ಡದು ಈ ಸಾಧನಕ್ಕೆ ದುಡ್ಡು ದಂಡ. ಮ್ಯಾನುಯಲ್‌ನಲ್ಲಿ ಟಿಎಫ್ ಕಾರ್ಡ್ ಅಂತ ಬರೆದಿರ್ತಾರೆ, ಗಾಬರಿ ಬೇಡ, ಅದೂ ಮೈಕ್ರೋ ಎಸ್‌ಡಿನೇ.

ಒಂದು ಕಾರ್ಡ್ ರೀಡರ್. ಇದು ಬೇಕೇ ಬೇಕು, ಯಾಕಂದ್ರೆ ಮಿಯೂನ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ್ರೆ ಪೆನ್‌ಡ್ರೈವ್ ಥರ ಕಾಣಲ್ಲ, ಅದರ ಯುಎಸ್‌ಬಿ ಸಿ ಪೋರ್ಟ್ ಇರೋದು ಚಾರ್ಜಿಂಗ್‌ಗೆ. ಒಬ್ರು ನಾಲ್ಕು ಕೇಬಲ್ ಬದಲಾಯ್ಸಿ ಆಮೇಲೆ ನನ್ನ ಕೇಳಿದ್ರು. ತುಂಬಾ ಅಗ್ಗದ ರೀಡರ್ ಬೇಡ, ಅರ್ಧ ಕಾಪಿಯಲ್ಲಿ ಕೈ ಕೊಡುತ್ತೆ. ದೊಡ್ಡ ಎಸ್‌ಡಿ ಅಡಾಪ್ಟರ್ ಬಳಸ್ತೀರಾದ್ರೆ ಅದರ ಪಕ್ಕದಲ್ಲಿರೋ ಪುಟಾಣಿ ಲಾಕ್ ಸ್ವಿಚ್ ನೋಡ್ಕೊಳಿ, ಅದು ಕೆಳಗೆ ಜಾರಿದ್ರೆ ಕಂಪ್ಯೂಟರ್ "ರೈಟ್ ಪ್ರೊಟೆಕ್ಟೆಡ್" ಅಂತ ಹಟ ಹಿಡಿಯುತ್ತೆ, ಕಾರ್ಡ್ ಕೆಟ್ಟೋಯ್ತು ಅಂದ್ಕೊಂಡು ಜನ ಎಸೆದೂ ಬಿಟ್ಟಿದಾರೆ.

ಸಾಫ್ಟ್‌ವೇರ್ ಅಂದ್ರೆ ವಿಂಡೋಸ್‌ನಲ್ಲಿ ಕಾರ್ಡ್ ಚೆಕ್ ಮಾಡೋಕೆ ಎಚ್2ಟೆಸ್ಟ್‌ಡಬ್ಲ್ಯೂ, ಫಾರ್ಮ್ಯಾಟ್ ಮಾಡೋಕೆ ರೂಫಸ್, ಎರಡೂ ಫ್ರೀ. ಮ್ಯಾಕ್, ಲಿನಕ್ಸ್‌ನಲ್ಲಿ ಚೆಕ್ ಮಾಡೋಕೆ ಎಫ್3.

ಮಿಯೂ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರ್ಲಿ. ಚಾರ್ಜ್ ಮಾಡೋಕೆ ಸಾಧಾರಣ 5 ವೋಲ್ಟ್ ಅಡಾಪ್ಟರ್, ಒಂದು ಕಡೆ ದೊಡ್ಡ ಯುಎಸ್‌ಬಿ ಇರೋ ಹಳೇ ಕೇಬಲ್ಲೇ ಸಾಕು. ಫೋನಿನ ಫಾಸ್ಟ್ ಚಾರ್ಜರ್ ಇದಕ್ಕೆ ಹಾಕ್ಬೇಡಿ. ಡೆಸ್ಕ್‌ಟಾಪ್‌ನಲ್ಲಿ ಮಾಡ್ತಿದೀರಾ, ಯುಪಿಎಸ್ ಇಲ್ವಾ, ಹಾಗಾದ್ರೆ ಕರೆಂಟ್ ಹೋಗೋ ಟೈಮ್ ನೋಡ್ಕೊಂಡು ಕೂತ್ಕೊಳಿ.

## ಹಂತ 1: ಹಳೇ ಕಾರ್ಡ್‌ನ ಹಾಗೇ ಎತ್ತಿಡಿ

ಸಾಧನದ ಜೊತೆ ಬಂದಿರೋ ಕಾರ್ಡ್‌ಗೆ ಹೆಸರೂ ಇರಲ್ಲ ಊರೂ ಇರಲ್ಲ, ಅಂಥವು ಯಾವತ್ತು ಸಾಯ್ತವೆ ಅಂತ ಹೇಳೋಕಾಗಲ್ಲ, ಅದಕ್ಕೇ ಬದಲಾಯ್ಸೋದು. ಆದ್ರೆ ಅದನ್ನ ಫಾರ್ಮ್ಯಾಟ್ ಮಾಡ್ಬೇಡಿ. ಅದರಲ್ಲಿರೋದನ್ನೆಲ್ಲಾ ಕಂಪ್ಯೂಟರ್‌ಗೆ ಒಂದು ಫೋಲ್ಡರ್ ಮಾಡಿ ಕಾಪಿ ಮಾಡಿ, ಕಾರ್ಡ್‌ನ ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಪಕ್ಕಕ್ಕಿಡಿ. ಮುಂದೆ ಏನಾದ್ರೂ ಎಡವಟ್ಟಾದ್ರೆ "ಸಾಧನ ಕೆಟ್ಟಿದ್ಯಾ, ಹೊಸ ಕಾರ್ಡ್ ಕೆಟ್ಟಿದ್ಯಾ" ಅಂತ ಗೊತ್ತು ಮಾಡ್ಕೊಳೋಕೆ ಈ ಹಳೇ ಕಾರ್ಡೇ ನಿಮ್ಮ ಸಾಕ್ಷಿ.

ಕಾಪಿ ಮಾಡುವಾಗ್ಲೇ ಅಲ್ಲಲ್ಲಿ ನಿಂತು ನಿಂತು ಹೋದ್ರೆ, ಇಲ್ಲಾ ಫೈಲ್ ಓದಕ್ಕಾಗ್ತಿಲ್ಲ ಅಂತ ಎರರ್ ಬಂದ್ರೆ, ಆ ಕಾರ್ಡ್ ಆಗ್ಲೇ ಕೊನೇ ಉಸಿರಲ್ಲಿದೆ ಅಂತ ಅರ್ಥ.

## ಹಂತ 2: ಹೊಸ ಕಾರ್ಡ್ ನಿಜವಾದ್ದಾ ಅಂತ ಪರೀಕ್ಷೆ ಮಾಡಿ

ಎಲ್ರೂ ಹಾರಿಸೋ ಹಂತ ಇದೇ. ನಾನೂ ಹಾರಿಸಿದ್ದೆ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋದಾಗ ಒಂದು ಅಂಗಡಿಯಲ್ಲಿ ಅರ್ಧ ರೇಟಿಗೆ 128 ಜಿಬಿ ಕಾರ್ಡ್ ಸಿಕ್ತು ಅಂತ ಖುಷಿಯಾಗಿ ತಂದು, ಇಡೀ ಭಾನುವಾರ ಕೂತು ಗೇಮ್ ತುಂಬ್ಸಿ, ಎರಡು ದಿನ ಆಡಿ, ಮೂರನೇ ದಿನ ನೋಡಿದ್ರೆ ಅರ್ಧ ಗೇಮ್ ಓಪನ್ನೇ ಆಗಲ್ಲ. ಆ ಕಾರ್ಡ್‌ನಲ್ಲಿ ನಿಜವಾಗ್ಲೂ ಇದ್ದಿದ್ದು 16 ಜಿಬಿ ಜಾಗ.

ನಕಲಿ ಕಾರ್ಡ್ ಕೆಲ್ಸ ಮಾಡೋದು ಹೀಗೆ: ಒಳಗಿರೋ ಕಂಟ್ರೋಲರ್ ಕಂಪ್ಯೂಟರ್‌ಗೆ 128 ಅಂತ ಸುಳ್ಳು ಹೇಳುತ್ತೆ, ನಿಜವಾದ ಜಾಗ ಮುಗಿದ್ ಮೇಲೆ ನೀವು ಬರೆಯೋದು ಎಲ್ಲೂ ಹೋಗಲ್ಲ, ಇಲ್ಲಾ ಹಳೇದ್ರ ಮೇಲೇ ಕೂರುತ್ತೆ. ಕಾಪಿ ಆಗೋವಾಗ ಎರರ್ರೇ ಬರಲ್ಲ, ಅದೇ ತಮಾಷೆ. ಹಾಗಾಗಿ ಪ್ರಾಪರ್ಟೀಸ್‌ನಲ್ಲಿ ಸೈಜ್ ನೋಡಿ "ಸರಿ ಇದೆ" ಅನ್ನೋದು ಪರೀಕ್ಷೆ ಅಲ್ಲ.

ಎಚ್2ಟೆಸ್ಟ್‌ಡಬ್ಲ್ಯೂ ಓಪನ್ ಮಾಡಿ, ಭಾಷೆ ಇಂಗ್ಲಿಷ್‌ಗೆ ಬದಲಾಯ್ಸಿ (ಶುರುವಿಗೆ ಜರ್ಮನ್‌ನಲ್ಲಿರುತ್ತೆ), ಕಾರ್ಡ್ ಸೆಲೆಕ್ಟ್ ಮಾಡಿ, ರೈಟ್ ಪ್ಲಸ್ ವೆರಿಫೈ ಒತ್ತಿ. ಅದು ಕಾರ್ಡ್ ಪೂರ್ತಿ ಫೈಲ್ ತುಂಬ್ಸಿ, ಮತ್ತೆ ಎಲ್ಲಾನೂ ವಾಪಸ್ ಓದಿ ತಾಳೆ ನೋಡುತ್ತೆ. ಸೆಕೆಂಡಿಗೆ 20 ಎಂಬಿ ಬರೆಯೋ ಕಾರ್ಡ್ ಆದ್ರೆ 64 ಜಿಬಿ ತುಂಬೋಕೇ ಹತ್ರ ಹತ್ರ ಒಂದು ಗಂಟೆ, ಓದೋದು ಬೇರೆ. ಊಟ ಮುಗಿಸ್ಕೊಂಡು ಬನ್ನಿ.

ಕೊನೇಲಿ ಎರರ್ ಇಲ್ಲದೆ ಮುಗೀತು ಅಂತ ಬಂದ್ರೆ ಮಾತ್ರ ಮುಂದಕ್ಕೆ. ಒಂದೇ ಒಂದು ಎರರ್ ಬಂದ್ರೂ ಬೇರೆ ರೀಡರ್‌ನಲ್ಲಿ ಇನ್ನೊಂದ್ಸಲ ಓಡ್ಸಿ, ಆಗ್ಲೂ ಬಂದ್ರೆ ಕಾರ್ಡ್ ವಾಪಸ್ ಕೊಡಿ. ಅಂದಹಾಗೆ 64 ಜಿಬಿ ಕಾರ್ಡ್ ಕಂಪ್ಯೂಟರ್‌ನಲ್ಲಿ 59 ಚಿಲ್ಲರೆ, 128 ಇದ್ದಿದ್ದು 119 ಅಂತ ತೋರ್ಸುತ್ತೆ, ಅದು ಮೋಸ ಅಲ್ಲ, ಕಂಪನಿಯವ್ರು 1000ದ ಲೆಕ್ಕ ಹಿಡೀತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತೆ.

## ಹಂತ 3: ಫ್ಯಾಟ್32ಗೆ ಫಾರ್ಮ್ಯಾಟ್

ಮಿಯೂಗೆ ಬೇಕಾಗಿರೋದು ಫ್ಯಾಟ್32, ಅಂದ್ರೆ ಕಾರ್ಡ್‌ನಲ್ಲಿ ಫೈಲ್‌ಗಳನ್ನ ಜೋಡಿಸಿಡೋ ಒಂದು ಪದ್ಧತಿ. ಅಂಗಡಿಯಿಂದ ಬರೋ 64 ಜಿಬಿ ಕಾರ್ಡ್ ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಪದ್ಧತಿಯಲ್ಲಿರುತ್ತೆ. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಅಂದ್ರೆ 32 ಜಿಬಿಗಿಂತ ದೊಡ್ಡ ಕಾರ್ಡ್‌ಗೆ ಸಾಮಾನ್ಯವಾಗಿ ಫ್ಯಾಟ್32 ಆಯ್ಕೆನೇ ಸಿಗಲ್ಲ, ಜನ ಎಕ್ಸ್‌ಫ್ಯಾಟ್ ಇಟ್ಕೊಂಡೇ ಮುಂದೆ ಹೋಗ್ತಾರೆ, ಅಲ್ಲಿಗೆ ಕಥೆ ಮುಗೀತು.

ರೂಫಸ್ ತೆಗೀರಿ. ತೆಗೆಯೋಕೆ ಮುಂಚೆ ಬೇರೆ ಎಲ್ಲಾ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಕಿತ್ತು ಪಕ್ಕಕ್ಕಿಡಿ, ಸೋಮಾರಿತನ ಬೇಡ, ಮದುವೆ ಫೋಟೋ ಇದ್ದ ಡ್ರೈವ್ ಒರೆಸಿಕೊಂಡವ್ರು ಇದಾರೆ. ಮೇಲ್ಗಡೆ ಡಿವೈಸ್‌ನಲ್ಲಿ ನಿಮ್ಮ ಕಾರ್ಡಿನ ಸೈಜ್ ನೋಡಿ ಖಾತ್ರಿ ಮಾಡ್ಕೊಳಿ. ಬೂಟ್ ಸೆಲೆಕ್ಷನ್‌ನಲ್ಲಿ ನಾನ್ ಬೂಟಬಲ್, ಪಾರ್ಟಿಷನ್ ಸ್ಕೀಮ್ ಎಂಬಿಆರ್, ಫೈಲ್ ಸಿಸ್ಟಮ್ ಲಾರ್ಜ್ ಫ್ಯಾಟ್32. ಬಾಕಿ ಇದ್ದಂಗೇ ಇರ್ಲಿ, ಸ್ಟಾರ್ಟ್ ಒತ್ತಿ.

ಮ್ಯಾಕ್‌ನವ್ರು ಡಿಸ್ಕ್ ಯುಟಿಲಿಟಿಯಲ್ಲಿ ವ್ಯೂ ಮೆನುಗೆ ಹೋಗಿ ಶೋ ಆಲ್ ಡಿವೈಸಸ್ ಆನ್ ಮಾಡಿ, ಒಳಗಿರೋ ಪಾರ್ಟಿಷನ್ ಅಲ್ಲ, ಮೇಲಿರೋ ಕಾರ್ಡನ್ನೇ ಸೆಲೆಕ್ಟ್ ಮಾಡಿ, ಎಂಎಸ್ ಡಾಸ್ ಫ್ಯಾಟ್, ಸ್ಕೀಮ್ ಮಾಸ್ಟರ್ ಬೂಟ್ ರೆಕಾರ್ಡ್. ಮೇಲಿನದನ್ನ ಬಿಟ್ಟು ಒಳಗಿನದನ್ನ ಒತ್ತಿದ್ರೆ ಸ್ಕೀಮ್ ಅನ್ನೋ ಆಯ್ಕೆನೇ ಬರಲ್ಲ, ಅದೇ ಸುಳಿವು.

## ಹಂತ 4: ಸರಿಯಾದ ಫೈಲ್, ಸರಿಯಾದ ಜಾಗಕ್ಕೆ

ಆನಿಯನ್‌ನ ಗಿಟ್‌ಹಬ್ (ಪ್ರೋಗ್ರಾಮ್ ಹಂಚೋ ವೆಬ್‌ಸೈಟ್) ರಿಲೀಸ್ ಪೇಜ್‌ಗೆ ಹೋಗಿ ಸ್ಟೇಬಲ್ ವರ್ಷನ್ ಡೌನ್‌ಲೋಡ್ ಮಾಡಿ. ಅಲ್ಲಿ ಎಡವೋ ಜಾಗ ಒಂದಿದೆ ಹುಷಾರು: ಪಟ್ಟಿ ಕೊನೇಲಿ "ಸೋರ್ಸ್ ಕೋಡ್" ಅಂತ ಇನ್ನೊಂದು ಜಿಪ್ ಇರುತ್ತೆ. ಅದು ಪ್ರೋಗ್ರಾಮ್ ಬರೆಯೋವ್ರಿಗೆ, ನಮಗಲ್ಲ. ನಿಮಗೆ ಬೇಕಾದ ಜಿಪ್‌ನ ಹೆಸರು ಆನಿಯನ್ ಅಂತ ಶುರುವಾಗಿ ವರ್ಷನ್ ನಂಬರ್ ಇರುತ್ತೆ.

ಜಿಪ್‌ನ ಕಂಪ್ಯೂಟರ್‌ನಲ್ಲೇ ಎಕ್ಸ್‌ಟ್ರ್ಯಾಕ್ಟ್ ಮಾಡಿ. ಈಗ ಒಂದು ಫೋಲ್ಡರ್ ಬಂತು. ಆ ಫೋಲ್ಡರ್‌ನ ಎತ್ತಿ ಕಾರ್ಡ್‌ಗೆ ಹಾಕೋದಲ್ಲ, ಫೋಲ್ಡರ್ ಓಪನ್ ಮಾಡಿ ಒಳಗಿರೋದನ್ನೆಲ್ಲಾ ಸೆಲೆಕ್ಟ್ ಮಾಡಿ ಯಾವ ಫೋಲ್ಡರ್ ಒಳಗೂ ಅಲ್ಲದೆ ನೇರವಾಗಿ ಕಾರ್ಡಿಗೇ ಹಾಕೋದು. ಕಾರ್ಡ್ ಓಪನ್ ಮಾಡಿದ ತಕ್ಷಣ ಮಿಯೂ, ಬಯೋಸ್ ಅನ್ನೋ ಫೋಲ್ಡರ್‌ಗಳು ಕಣ್ಣಿಗೆ ಬೀಳ್ಬೇಕು, ಇನ್ನೊಂದು ಫೋಲ್ಡರ್ ದಾಟಿ ಹೋಗ್ಬೇಕಾದ್ರೆ ತಪ್ಪಾಗಿದೆ.

ಈಗ ಅಸಲಿ ವಿಷ್ಯ. ಅದರಲ್ಲಿ ಚುಕ್ಕಿಯಿಂದ ಶುರುವಾಗೋ ಒಂದು ಫೋಲ್ಡರ್ ಇದೆ, ಓದಿ ಹೇಳೋದಾದ್ರೆ "ಡಾಟ್ ಟಿಎಂಪಿ ಅಂಡರ್‌ಸ್ಕೋರ್ ಅಪ್ಡೇಟ್" (.tmp_update). ಮಿಯೂನ ಒಳಗಿನ ಮೂಲ ಸಾಫ್ಟ್‌ವೇರ್ ಕಾರ್ಡ್‌ನಲ್ಲಿರೋದಲ್ಲ, ಸಾಧನದ ಚಿಪ್‌ನಲ್ಲೇ ಇರೋದು. ಅದು ಆನ್ ಆದಾಗ ಕಾರ್ಡ್‌ನಲ್ಲಿ ಈ ಫೋಲ್ಡರ್ ಇದ್ಯಾ ಅಂತ ಇಣುಕಿ ನೋಡುತ್ತೆ, ಇದ್ರೆ ಅದರೊಳಗಿನ ಅಪ್ಡೇಟರ್‌ನ ಓಡ್ಸುತ್ತೆ, ಆನಿಯನ್ ಎದ್ದು ಕೂರೋದೇ ಆ ಬಾಗಿಲಿಂದ. ಇಲ್ದಿದ್ರೆ? ಏನೂ ಆಗಿಲ್ಲ ಅನ್ನೋ ಹಾಗೆ ಹಳೇ ಮೆನು ತೋರ್ಸುತ್ತೆ. ನಂಗೆ ಬರೋ ಫೋಟೋಗಳಲ್ಲಿ ಹೆಚ್ಚಿನವು ಇದೇ ಕೇಸು.

ಮ್ಯಾಕ್, ಲಿನಕ್ಸ್ ಎರಡೂ ಚುಕ್ಕಿ ಫೋಲ್ಡರ್‌ಗಳನ್ನ ಬಚ್ಚಿಡ್ತವೆ, ಕಾಣ್ದೇ ಇರೋದನ್ನ ಸೆಲೆಕ್ಟ್ ಮಾಡೋದು ಹೇಗೆ, ಅದು ಅಲ್ಲೇ ಉಳ್ಕೊಳುತ್ತೆ. ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್, ಚುಕ್ಕಿ ಮೂರೂ ಒಟ್ಟಿಗೆ ಒತ್ತಿ, ಲಿನಕ್ಸ್‌ನ ಹೆಚ್ಚಿನ ಫೈಲ್ ಮ್ಯಾನೇಜರ್‌ಗಳಲ್ಲಿ ಕಂಟ್ರೋಲ್ ಎಚ್. ವಿಂಡೋಸ್‌ನಲ್ಲಿ ಕಾಣದಿದ್ರೆ ವ್ಯೂ ಮೆನುನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ.

ಕಾಪಿ ಮುಗಿದ್ ಮೇಲೆ ಇಜೆಕ್ಟ್ ಮಾಡಿಯೇ ಕಾರ್ಡ್ ತೆಗೀರಿ. ಪ್ರೋಗ್ರೆಸ್ ಬಾರ್ ಹೋಯ್ತು ಅಂದ್ರೆ ಬರೆದು ಮುಗೀತು ಅಂತೇನಿಲ್ಲ.

ಗೇಮ್ ಇನ್ನೂ ಹಾಕ್ಬೇಡಿ. ಕೈ ಕಡೀತಿರುತ್ತೆ ಗೊತ್ತು, ಆದ್ರೂ ಬೇಡ.

## ಹಂತ 5: ಇನ್‌ಸ್ಟಾಲ್

ಮಿಯೂ ಪೂರ್ತಿ ಆಫ್ ಮಾಡಿ ಕಾರ್ಡ್ ಹಾಕಿ, ಕ್ಲಿಕ್ ಅನ್ನೋವರೆಗೂ ಒತ್ತಿ, ಚಾರ್ಜರ್ ಕಿತ್ತು ಆನ್ ಮಾಡಿ. ಆನಿಯನ್ ಇನ್‌ಸ್ಟಾಲರ್ ತಾನಾಗೇ ಬರುತ್ತೆ, ಪರ್ಸೆಂಟೇಜ್ ಓಡುತ್ತೆ. ಮಧ್ಯದಲ್ಲಿ ಒಂದ್ಕಡೆ ನಿಂತಂಗೆ ಕಾಣುತ್ತೆ, ಪವರ್ ಬಟನ್ ಮುಟ್ಬೇಡಿ, ಹತ್ತು ನಿಮಿಷ ಬಿಡಿ.

ಆಮೇಲೆ ಪ್ಯಾಕೇಜ್ ಮ್ಯಾನೇಜರ್ ಬರುತ್ತೆ. ಯಾವ್ಯಾವ ಕನ್ಸೋಲ್ ಬೇಕು ಅಂತ ಟಿಕ್ ಮಾಡೋ ಜಾಗ ಅದು. ಇಲ್ಲಿ ಟಿಕ್ ಮಾಡದೇ ಇದ್ದ ಕನ್ಸೋಲ್ ಮೆನುನಲ್ಲಿ ಬರೋದೇ ಇಲ್ಲ, ನೀವು ಎಷ್ಟೇ ಗೇಮ್ ತುಂಬ್ಸಿದ್ರೂ ಅಷ್ಟೇ. ಹಾಗಂತ ಎಲ್ಲಾನೂ ಟಿಕ್ ಮಾಡ್ಬೇಡಿ, ಆಮೇಲೆ ಬೇಕಾದಾಗ ಆಪ್ಸ್ ಒಳಗೆ ಇದೇ ಪ್ಯಾಕೇಜ್ ಮ್ಯಾನೇಜರ್ ಸಿಗುತ್ತೆ. ಯಾವ ಬಟನ್ ಒತ್ಬೇಕು ಅಂತ ಸ್ಕ್ರೀನ್ ಕೆಳಗೇ ಬರೆದಿರುತ್ತೆ, ಓದಿ. ಮುಗಿದ್ ಮೇಲೆ ಅದು ಹೇಳಿದಂಗೆ ಆಫ್ ಮಾಡಿ, ಮತ್ತೆ ಆನ್ ಮಾಡಿ.

ಹೊಸ ಮೆನು ಬಂತಾ? ಒಂದೆರಡ್ಸಲ ಆಫ್ ಆನ್ ಮಾಡಿ ನೋಡಿ. ಪ್ಲಸ್‌ನಲ್ಲಿ ವೈಫೈ ಇದೆ, ಅದನ್ನೂ ಈಗ್ಲೇ ಕನೆಕ್ಟ್ ಮಾಡಿ ನೋಡ್ಕೊಳಿ. ಇದು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯೋದು, ಮನೆ ರೌಟರ್‌ನ 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಲ್ಲಿ ಬರಲ್ಲ, ಫೋನಿನ ಹಾಟ್‌ಸ್ಪಾಟ್ ಆದ್ರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ ಬದಲಾಯ್ಸಬೇಕು.

## ಹಂತ 6: ಮೊದ್ಲು ಒಂದೇ ಒಂದು ಗೇಮ್

ಗೇಮ್ ಎಲ್ಲಿಂದ ಅನ್ನೋದಕ್ಕೆ ನೇರವಾಗಿ ಹೇಳ್ಬಿಡ್ತೀನಿ: ನೆಟ್‌ನಲ್ಲಿ ಸಿಗೋ ಕಮರ್ಷಿಯಲ್ ಗೇಮ್ ಪ್ಯಾಕ್‌ಗಳು ಕಾಪಿರೈಟ್ ಉಲ್ಲಂಘನೆ, ಲಿಂಕ್ ಕೇಳ್ಬೇಡಿ. ಹವ್ಯಾಸಿಗಳೇ ಮಾಡಿ ಫ್ರೀಯಾಗಿ ಬಿಟ್ಟಿರೋ ಹೋಮ್‌ಬ್ರೂ ಗೇಮ್‌ಗಳು ಬೇಕಾದಷ್ಟಿವೆ. ಟೆಸ್ಟ್ ಮಾಡೋಕೆ ನಾನು ಬಳಸೋದು ಟೊಬು ಟೊಬು ಗರ್ಲ್, ಗೇಮ್‌ಬಾಯ್‌ಗೆ ಮಾಡಿರೋ ಓಪನ್ ಸೋರ್ಸ್ ಗೇಮು, ಪುಟ್ಟ ಫೈಲು.

ಅದನ್ನ ರೋಮ್ಸ್ ಫೋಲ್ಡರ್ ಒಳಗೆ ಜಿಬಿ ಅನ್ನೋ ಫೋಲ್ಡರ್‌ಗೆ ಹಾಕಿ. ಫೋಲ್ಡರ್ ಹೆಸರುಗಳಲ್ಲಿ ಜನ ಎಡವ್ತಾರೆ. ನಿಂಟೆಂಡೋ 8 ಬಿಟ್ ಗೇಮ್ ಎನ್‌ಇಎಸ್ ಅಂತ ಹುಡುಕ್ಬೇಡಿ, ಇಲ್ಲಿ ಎಫ್‌ಸಿ, ಅಂದ್ರೆ ಜಪಾನಿನ ಹೆಸರು ಫ್ಯಾಮಿಕಾಮ್. ಸೂಪರ್ ನಿಂಟೆಂಡೋ ಎಸ್‌ಎಫ್‌ಸಿ. ಸೆಗಾದು ಎಂಡಿ, ಮೆಗಾ ಡ್ರೈವ್. ಪ್ಲೇಸ್ಟೇಷನ್ ಬರೀ ಪಿಎಸ್. ನಿಮಗೆ ಚೆಂದ ಕಾಣೋ ಹೆಸರಿಟ್ರೆ ಅದು ಗುರುತೇ ಹಿಡಿಯಲ್ಲ.

ಕಾರ್ಡ್ ವಾಪಸ್ ಹಾಕಿದ್ ಮೇಲೆ ಗೇಮ್ ಕಾಣದಿದ್ರೆ ಮೆನುನಲ್ಲಿ ಸೆಲೆಕ್ಟ್ ಬಟನ್ ಒತ್ತಿ ರಿಫ್ರೆಶ್ ರೋಮ್ಸ್ ಕೊಡಿ. ಗೇಮ್ ಓಡ್ತಾ? ಸೌಂಡ್ ಬಂತಾ? ಮೆನು ಬಟನ್ ಒತ್ತಿ ಆಚೆ ಬಂದು, ಮತ್ತೆ ಹೋದಾಗ ಬಿಟ್ಟ ಜಾಗದಿಂದ ಶುರುವಾಯ್ತಾ? ಇಷ್ಟಾದ ಮೇಲೆ ಬಾಕಿ ಗೇಮ್ ತುಂಬ್ಸಿ.

## ಹಂತ 7: ಬಾಕಿ ಗೇಮ್, ಬಯೋಸ್, ಮತ್ತೆ ಪ್ಲೇಸ್ಟೇಷನ್ ತಲೆನೋವು

ಗೇಮ್‌ಬಾಯ್, ಸೆಗಾ ಥರ ಕ್ಯಾಟ್ರಿಜ್ ಗೇಮ್‌ಗಳು ಜಿಪ್‌ನಲ್ಲಿದ್ರೂ ಓಡ್ತವೆ. ಆರ್ಕೇಡ್ ಗೇಮ್ ಜಿಪ್‌ಗಳನ್ನ ಮಾತ್ರ ಬಿಚ್ಚಲೂಬಾರ್ದು, ಹೆಸರು ಬದಲಾಯ್ಸಲೂಬಾರ್ದು, ಎಮ್ಯುಲೇಟರ್ (ಹಳೇ ಕನ್ಸೋಲ್ ಥರ ನಟಿಸಿ ಗೇಮ್ ಓಡ್ಸೋ ಪ್ರೋಗ್ರಾಮ್) ಗುರುತು ಹಿಡಿಯೋದೇ ಆ ಜಿಪ್ ಹೆಸರಿಂದ.

ಪ್ಲೇಸ್ಟೇಷನ್‌ಗೆ ಬಯೋಸ್ ಫೈಲ್ (ಅಸಲಿ ಕನ್ಸೋಲ್ ಒಳಗಿರೋ ಮೂಲ ಸಾಫ್ಟ್‌ವೇರ್) ಬೇಕು, ಕಾನೂನಿನ ದಾರಿ ಅಂದ್ರೆ ನಿಮ್ದೇ ಕನ್ಸೋಲ್‌ನಿಂದ ತೆಗೆದಿರೋದು. ಅದು ಬಯೋಸ್ ಫೋಲ್ಡರ್ ಒಳಗೆ ನೇರವಾಗಿ ಇರ್ಬೇಕು, ಇನ್ನೊಂದು ಫೋಲ್ಡರ್ ಮಾಡಿ ಅದರೊಳಗೆ ಅಲ್ಲ. ಹೆಸರು ಆನಿಯನ್‌ನ ಡಾಕ್ಯುಮೆಂಟೇಷನ್‌ನಲ್ಲಿ ಕೊಟ್ಟಿರೋ ಹಾಗೇ ಅಕ್ಷರಕ್ಕೆ ಅಕ್ಷರ, ಸಣ್ಣಕ್ಷರ ದೊಡ್ಡಕ್ಷರ ಸಮೇತ.

ಡಿಸ್ಕ್ ಗೇಮ್ ಬಿನ್ ಮತ್ತೆ ಕ್ಯೂ ಅಂತ ಎರಡು ಥರದ ಫೈಲ್‌ನಲ್ಲಿ ಬರುತ್ತೆ. ಬಿನ್ ಮಾತ್ರ ಕಾಪಿ ಮಾಡಿ ಕ್ಯೂ ಬಿಟ್ರೆ ಮ್ಯೂಸಿಕ್ ಬರಲ್ಲ, ಇಲ್ಲಾ ಗೇಮೇ ಬರಲ್ಲ. ಕ್ಯೂ ಅಂದ್ರೆ ಒಂದು ಚೀಟಿ, ಒಳಗೆ ಬಿನ್ ಫೈಲ್ ಹೆಸರು ಬರೆದಿರುತ್ತೆ, ಬಿನ್ ಹೆಸರು ಬದಲಾಯ್ಸಿದ್ರೆ ಚೀಟಿ ಸುಳ್ಳಾಗುತ್ತೆ. ಈ ರಗಳೆನೇ ಬೇಡ ಅಂದ್ರೆ ಸಿಎಚ್‌ಡಿ ಮಾಡ್ಕೊಳಿ, ಸಿಎಚ್‌ಡಿಮ್ಯಾನ್ ಅನ್ನೋ ಟೂಲ್ ಇದೆ, ಎಲ್ಲಾ ಸೇರಿ ಒಂದೇ ಫೈಲ್ ಆಗುತ್ತೆ, ಸೈಜೂ ಕಮ್ಮಿ. ಎರಡು ಮೂರು ಡಿಸ್ಕ್ ಇರೋ ಗೇಮ್‌ಗೆ ಎಂ3ಯು ಅಂತ ಒಂದು ಟೆಕ್ಸ್ಟ್ ಫೈಲ್ ಮಾಡಿ ಒಂದೊಂದು ಲೈನ್‌ಗೆ ಒಂದೊಂದು ಡಿಸ್ಕ್ ಹೆಸರು ಬರೀರಿ.

ಮ್ಯಾಕ್‌ನಿಂದ ಕಾಪಿ ಮಾಡಿದವ್ರಿಗೆ ಪಟ್ಟಿಯಲ್ಲಿ ಒಂದೊಂದು ಗೇಮ್ ಎರಡೆರಡು ಸಲ ಕಾಣುತ್ತೆ, ಒಂದು ಓಪನ್ ಆಗುತ್ತೆ, ಇನ್ನೊಂದು ಆಗಲ್ಲ. ಅದು ಮ್ಯಾಕ್ ತಾನಾಗೇ ಸೇರ್ಸೋ ಚುಕ್ಕಿ ಅಂಡರ್‌ಸ್ಕೋರ್ ಫೈಲು. ಟರ್ಮಿನಲ್‌ನಲ್ಲಿ ಡಾಟ್ ಅಂಡರ್‌ಸ್ಕೋರ್ ಕ್ಲೀನ್ (dot_clean) ಅನ್ನೋ ಕಮಾಂಡ್ ಕಾರ್ಡ್ ಮೇಲೆ ಓಡ್ಸಿ, ರಿಫ್ರೆಶ್ ಕೊಡಿ.

## ಆನ್‌ಬರ್ನಿಕ್ ಇರೋವ್ರು ಇದನ್ನ ಓದಿ

ಮೇಲೆ ಹೇಳಿದ್ದು ಮಿಯೂಗೆ ಮಾತ್ರ. ಆನ್‌ಬರ್ನಿಕ್ ಇಂಥದೇ ಕನ್ಸೋಲ್ ಮಾಡೋ ಬೇರೆ ಕಂಪನಿ. ಆರ್‌ಜಿ35ಎಕ್ಸ್‌ಎಕ್ಸ್ ಎಚ್, ಪ್ಲಸ್, ಎಸ್‌ಪಿ ಥರದವುಗಳಲ್ಲಿ ಓಎಸ್ ಕಾರ್ಡ್‌ನಿಂದಲೇ ಬೂಟ್ ಆಗೋದು, ಅಲ್ಲಿ ಫೈಲ್ ಕಾಪಿ ಮಾಡೋದಲ್ಲ, ಇಮೇಜ್ ಫ್ಲ್ಯಾಶ್ ಮಾಡೋದು (ಇಡೀ ಓಎಸ್ ಇರೋ ಒಂದೇ ಫೈಲ್‌ನ ಕಾರ್ಡ್ ಮೇಲೆ ಹಾಗೇ ಬರೆಯೋದು), ಎಚರ್ ಅಥವಾ ರೂಫಸ್‌ನಲ್ಲಿ. ಅದರ ವಿಡಿಯೋ ನೋಡ್ಕೊಂಡು ಮಿಯೂಗೆ ಮಾಡಿದವ್ರು, ಇದನ್ನ ನೋಡಿ ಅದಕ್ಕೆ ಮಾಡಿದವ್ರು, ಇಬ್ರೂ ನಂಗೆ ಸಿಕ್ಕಿದಾರೆ.

ಫ್ಲ್ಯಾಶ್ ಮುಗಿದ ಕೂಡ್ಲೇ ವಿಂಡೋಸ್ "ಡಿಸ್ಕ್ ಬಳಸೋಕೆ ಫಾರ್ಮ್ಯಾಟ್ ಮಾಡ್ಬೇಕು" ಅಂತ ಒಂದರ ಮೇಲೊಂದು ಬಾಕ್ಸ್ ತೋರ್ಸುತ್ತೆ. ಎಲ್ಲಕ್ಕೂ ಕ್ಯಾನ್ಸಲ್. ಒಂದಕ್ಕೆ ಹೂಂ ಅಂದ್ರೂ ಈಗಷ್ಟೇ ಬರೆದ ಓಎಸ್ ಹೋಯ್ತು. ಲಿನಕ್ಸ್ ಪಾರ್ಟಿಷನ್ ವಿಂಡೋಸ್‌ಗೆ ಓದೋಕೆ ಬರಲ್ಲ, ಅದಕ್ಕೇ ಹಾಗನ್ನೋದು. ಇಮೇಜ್ ನಿಮ್ಮ ಮಾಡೆಲ್‌ದೇ ಆಗಿರ್ಬೇಕು, ಎಚ್‌ದು ಎಸ್‌ಪಿಗೆ ಹಾಕ್ಬೇಡಿ. ಇವುಗಳಲ್ಲಿ ಎರಡು ಸ್ಲಾಟ್ ಇವೆ, ಓಎಸ್ ಕಾರ್ಡ್ ಟಿಎಫ್1ಗೆ, ಗೇಮ್ ಕಾರ್ಡ್ ಟಿಎಫ್2ಗೆ.

## ಏನು ಕಂಡ್ರೆ ಏನು ಅರ್ಥ

ಹಳೇ ಮೆನುನೇ ಬರ್ತಿದೆ: ಚುಕ್ಕಿ ಫೋಲ್ಡರ್ ಕಾರ್ಡ್‌ನಲ್ಲಿಲ್ಲ, ಇಲ್ಲಾ ಫೋಲ್ಡರ್ ಒಳಗೆ ಫೋಲ್ಡರ್ ಆಗಿದೆ, ಇಲ್ಲಾ ಕಾರ್ಡ್ ಇನ್ನೂ ಎಕ್ಸ್‌ಫ್ಯಾಟ್‌ನಲ್ಲೇ ಇದೆ. ಮೂರೂ ಸರಿ ಇದ್ದು ಹೀಗಾದ್ರೆ ಸಾಧನದ ಮೂಲ ಫರ್ಮ್‌ವೇರ್ (ಚಿಪ್‌ನಲ್ಲಿರೋ ಆ ಸಾಫ್ಟ್‌ವೇರ್) ಹಳೇದಿರ್ಬಹುದು, ಆನಿಯನ್ ಡಾಕ್ಯುಮೆಂಟೇಷನ್ ನೋಡಿ ನಿಮ್ಮ ಮಾಡೆಲ್‌ದೇ ಫರ್ಮ್‌ವೇರ್ ಅಪ್ಡೇಟ್ ಮಾಡಿ. ಇಡೀ ಕೆಲಸದಲ್ಲಿ ಸಾಧನನೇ ಕೆಡೋ ಅಪಾಯ ಇರೋದು ಇದೊಂದರಲ್ಲೇ, ಬ್ಯಾಟರಿ ಫುಲ್ ಇಲ್ದೆ ಕೈ ಹಾಕ್ಬೇಡಿ.

ಲೋಗೋದಲ್ಲೇ ನಿಂತಿದೆ: ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡೀರಿ. ಆಫ್ ಆಗದಿದ್ರೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಕಿತ್ತು ಹಾಕಿ, ಪ್ಲಸ್‌ನಲ್ಲಿ ಅದು ಸುಲಭವಾಗಿ ಬರುತ್ತೆ. ಆಮೇಲೆ ಕಾರ್ಡ್ ಇಲ್ದೆ ಆನ್ ಮಾಡಿ ನೋಡಿ. ಕಾರ್ಡ್ ಇಲ್ದೆ ಎದ್ದೇಳುತ್ತೆ ಅಂದ್ರೆ ತಪ್ಪು ಕಾರ್ಡ್‌ನಲ್ಲಿ, ಹಂತ 2ರಿಂದ ಮತ್ತೆ ಶುರು.

ಸೇವ್ ಮಾಡಿದ್ದು ಮಾಯ ಆಗ್ತಿದೆ, ಗೇಮ್ ಹೆಸರುಗಳು ವಿಚಿತ್ರ ಅಕ್ಷರ ಆಗ್ತಿವೆ: ಕಾರ್ಡ್ ಸಾಯ್ತಿದೆ. ಆಟ ನಿಲ್ಸಿ, ಸೇವ್ಸ್ ಫೋಲ್ಡರ್‌ನ ಈಗಿಂದೀಗ್ಲೇ ಕಂಪ್ಯೂಟರ್‌ಗೆ ಕಾಪಿ ಮಾಡಿ. ವಿಂಡೋಸ್‌ನ ರಿಪೇರಿ ಟೂಲ್ ಚೆಕ್ ಡಿಸ್ಕ್ ಓಡ್ಸೋದು ಆಮೇಲೆ, ಅದು ರಿಪೇರಿ ಮಾಡ್ತೀನಿ ಅಂತ ಇರೋ ಫೈಲ್‌ನೂ ಚೂರು ಮಾಡಿದ್ದುಂಟು.

ಹಿಂದಿನ ಮುಚ್ಚಳ ಸರಿಯಾಗಿ ಕೂರ್ತಿಲ್ಲ, ಬ್ಯಾಟರಿ ಸ್ವಲ್ಪ ಉಬ್ಬಿದಂಗಿದೆ: ಒತ್ತಿ ಕೂರ್ಸೋಕೆ ಹೋಗ್ಬೇಡಿ, ಚಾರ್ಜ್ ಮಾಡ್ಬೇಡಿ. ನಿಧಾನಕ್ಕೆ ತೆಗೆದು ಇ ವೇಸ್ಟ್ ತಗೊಳೋ ಕಡೆ ಕೊಟ್ಟುಬಿಡಿ, ಕಸದ ಬುಟ್ಟಿಗೆ ಮಾತ್ರ ಬೇಡ.